ಇವತ್ತು ನೀನು ಮುನಿಯಲ್ಲಮ್ಮ

ಯಾವ ಪೇಟೆಯಲ್ಲಿ ನಡೆದದ್ದು ಎಂದು ಮಾತ್ರ ಕೇಳಬೇಡಿ. ಮಾಲೂರಿನವರು ಇದು ಮುಳಬಾಗಿಲಿನ ಸುದ್ದಿ ಎನ್ನಲಿ, ಮುಳಬಾಗಿಲಿನವರು ಶ್ರೀನಿವಾಸಪುರದ ಕಡೆಗೆ ಕೈ ತೋರಲಿ, ಕೋಲಾರದವರು ನಮಗೇನೂ ಗೊತ್ತಿಲ್ಲ ಎನ್ನಲಿ. ಆ ಪೇಟೆಯಲ್ಲೊಂದು ಹೆಂಚಿನ ಕೋರ್ಟಿತ್ತು, ಆ ಕೋರ್ಟಿನಲ್ಲಿ ಆಂಜಿನಪ್ಪ ಎಂಬ ಅಮೀನನಿದ್ದ, ಅವನ ಹೆಂಡತಿ ಅನಸೂಯಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಇಷ್ಟು ತಿಳಿದರೆ ಸಾಕು.

ಕೋರ್ಟಿನ ಸಮನ್ಸನ್ನು ಊರೂರಿಗೆ ಒಯ್ದು, ದಾವೆಗೆ ಸಿಕ್ಕಿದವರ ಕೈಗೆ ಕೊಟ್ಟು ಬರುವುದು ಅಮೀನನ ಕೆಲಸ. ಅವರು ತೆಗೆದುಕೊಳ್ಳಲು ಒಲ್ಲೆ ಎಂದರೆ ಅದನ್ನು ಬಾಗಿಲಿಗೆ ಅಂಟಿಸಿ, ಆ ಊರಿನ ಇಬ್ಬರಿಂದ ಸಾಕ್ಷಿಯ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರಬೇಕು. ಕೋರ್ಟಿನ ಕಾಗದ ಎಂದ ಕೂಡಲೇ ಊರಿನ ಜನ ದನ ಕಟ್ಟುವ ನೆಪ ಹೇಳಿ ಜಾಗ ಖಾಲಿ ಮಾಡುತ್ತಾರೆ. ಆಂಜಿನಪ್ಪನಿಗೋ ಮಂಡಿನೋವು. ಮನೆಯಲ್ಲೇ ಒಂದು ಹೆಬ್ಬೆಟ್ಟಿರುವಾಗ ಮೂರು ಮೈಲಿ ನಡೆದು ಯಾರ ಕಾಲು ಹಿಡಿಯಬೇಕು ಎಂದು ಒಂದು ದಿನ ಅವನಿಗೆ ಹೊಳೆಯಿತು. ಅಂದಿನಿಂದ ಕೋರ್ಟಿಗೆ ಹೊರಡುವ ಮುಂಚೆ ಆಗೊಮ್ಮೆ ಈಗೊಮ್ಮೆ ಅಡುಗೆಮನೆಯ ಹೊಸಿಲಿಗೆ ಬಂದು ಮಸಿಯ ಪ್ಯಾಡು ಮುಂದಿಡುವುದು ರೂಢಿಯಾಯಿತು.

"ಇವತ್ತು ನಾನ್ಯಾರು?" ಎಂದು ಅನಸೂಯಮ್ಮ ಕೇಳುವಳು.

"ಇವತ್ತು ನೀನು ಪಿಳ್ಳಮ್ಮ. ಒತ್ತು."

ಅವಳು ಒತ್ತುವಳು. ಅವಳ ಎಡಗೈ ಹೆಬ್ಬೆಟ್ಟಿನ ಗುರುತಿನಲ್ಲಿ ಈಳಿಗೆಮಣೆ ಕೊಯ್ದ ಹಳೆಯ ಗಾಯದ ಗೀಟು ಅಡ್ಡಕ್ಕೆ ಮೂಡುತ್ತಿತ್ತು. ಮೊದಮೊದಲು ತನ್ನ ತಾಯಿ ಅಕ್ಕಯಮ್ಮನ ಹೆಬ್ಬೆಟ್ಟನ್ನೂ ಆಂಜಿನಪ್ಪ ಪರೀಕ್ಷೆ ಮಾಡಿ ನೋಡಿದ್ದ. ಅರವತ್ತು ವರ್ಷ ಕಳೆ ಕಿತ್ತು ಸವೆದ ಬೆರಳಿನಿಂದ ಕಾಗದದ ಮೇಲೆ ಬರೀ ಕಪ್ಪು ಬಿದ್ದಿತೇ ಹೊರತು ಗೆರೆ ಕಾಣಲಿಲ್ಲ. "ನಿನ್ನ ಸೊಸೇದೇ ವಾಸಿ ಬಿಡಮ್ಮ" ಎಂದು ಅವನು ನಕ್ಕಿದ್ದ. ಮಗಳು ಗಂಗರತ್ನ ಸ್ಕೂಲಿಗೆ ಹೋಗುತ್ತಿದ್ದಾಗ, "ಅಮ್ಮ ಇವತ್ತು ಯಾರಪ್ಪಾ?" ಎಂದು ಕೇಳಿ ಅದೇ ಹೆಸರಿನಿಂದ ಇಡೀ ದಿನ ತಾಯಿಯನ್ನು ಕರೆಯುತ್ತಿದ್ದಳು. ಆ ಮನೆಯಲ್ಲಿ ಅದೊಂದು ತಮಾಷೆ. ಗಂಡನ ಆಫೀಸಿನ ಕೆಲಸಕ್ಕೆ ತನ್ನಿಂದ ಇಷ್ಟಾದರೂ ಆಗುತ್ತದಲ್ಲ ಎಂದು ಅನಸೂಯಮ್ಮನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಎಪ್ಪತ್ತೆಂಟರ ಅವರೆಕಾಯಿ ಕಾಲದ ಒಂದು ಬೆಳಿಗ್ಗೆ ಅವಳಿಗೆ ಚೆನ್ನಾಗಿ ನೆನಪಿದೆ. ನೆನೆಹಾಕಿದ ಕಾಳು ಹಿದುಕುತ್ತಾ ಕೂತಿದ್ದಳು. ಆಂಜಿನಪ್ಪ ಮುಖ ಎತ್ತದೆ ಪ್ಯಾಡು ಇಟ್ಟ. "ಇವತ್ತು ನೀನು ಮುನಿಯಲ್ಲಮ್ಮ" ಎಂದ. ಒತ್ತಿ, ಕೈ ತೊಳೆಯದೆ ಮತ್ತೆ ಕಾಳಿಗೆ ಕೈ ಹಾಕಿದ್ದಕ್ಕೆ ಬೇಳೆಗೆಲ್ಲ ಮಸಿ ಹತ್ತಿತು. "ಮಸಿ ಬೇಳೆ ಸಾರು ತಿನ್ನಿಸ್ತೀಯೇನೇ?" ಎಂದು ಅಕ್ಕಯಮ್ಮ ಬೈದು, ಬೇಳೆಯನ್ನು ಮೂರು ಸಲ ತೊಳೆಸಿದ್ದಳು. ಅಂದು ಎಲ್ಲರೂ ಅದೇ ಸಾರು ಉಂಡಿದ್ದರು.

*

ಮರುವರ್ಷ ಜೂನ್ ಮೊದಲ ವಾರ, ಬೆಳಗಿನ ಯಲ್ದೂರಿನ ಬಸ್ಸಿಗೆ ಅನಸೂಯಮ್ಮನ ತಂಗಿ ಮುತ್ಯಾಲಮ್ಮ ಬಂದಳು. ಕೈಯಲ್ಲಿ ಒಂದು ಸೀರೆಗಂಟು, ಕಾಲಿಗೆ ಚಪ್ಪಲಿಯಿಲ್ಲ. ಗಂಡ ಸತ್ತು ಆರು ವರ್ಷವಾದರೂ ಯಾರ ಮನೆಯಲ್ಲೂ ಎರಡು ದಿನ ಉಳಿಯದವಳು. ಯಲ್ದೂರಿನ ಪಕ್ಕದ ಹಳ್ಳಿಯಲ್ಲಿ ಅವಳಿಗೆ ನಲವತ್ತು ಮಾವಿನ ಮರಗಳ ತೋಪಿತ್ತು. ಮಕ್ಕಳಿಲ್ಲದ ಗಂಡಹೆಂಡಿರು ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು. ವರ್ಷದ ರಾಗಿ, ಬಟ್ಟೆ, ಔಷಧಿ ಎಲ್ಲವೂ ಅದರಿಂದಲೇ ನಡೆಯುತ್ತಿದ್ದವು.

"ತೋಪು ಹೋಯ್ತಕ್ಕ" ಎಂದಳು, ಹೊಸಿಲು ದಾಟುವ ಮುಂಚೆಯೇ.

"ಏನೇ ಹೋಯ್ತು? ಬಿಡಿಸಿ ಹೇಳು."

"ನಿನ್ನೆ ಕೋರ್ಟಿಂದ ಒಬ್ಬ ಬಂದ. ತಮಟೆ ಹೊಡಿಸ್ದ. ತೋಪು ಇನ್ನು ದೊಡ್ಡವೆಂಕಟಪ್ಪಂದು ಅಂತ ಓದಿದ. ನಮ್ಮೆಜಮಾನ್ರು ಸಾಯೋ ಮುಂಚೆ ಅವನಿಗೆ ಕ್ರಯ ಬರ್ಕೊಟ್ಟಿದ್ರಂತೆ. ಕೋರ್ಟಾಗೆ ಕೇಸು ನಡ್ದು ಅವನಿಗೆ ಗೆಲುವಾಗೈತಂತೆ. ನನಗೆ ಕೇಸು ಅನ್ನೋದೇ ಗೊತ್ತಿಲ್ಲ."

ದೊಡ್ಡವೆಂಕಟಪ್ಪ ಅವಳ ಗಂಡನ ದಾಯಾದಿ. ತಿಥಿ ಊಟಕ್ಕೆ ಬಂದು ಕಣ್ಣೀರು ಒರೆಸಿಕೊಂಡು ಹೋಗಿದ್ದವನು.

"ಮೊದಲೇ ಸಮನ್ಸ್ ಬಂದಿರಬೇಕಲ್ಲೇ?" ಎಂದಳು ಅನಸೂಯಮ್ಮ. ಅಮೀನನ ಹೆಂಡತಿಗೆ ಅಷ್ಟಾದರೂ ಗೊತ್ತಿತ್ತು.

"ಬಾಗಿಲಿಗೆ ಅಂಟಿಸಿದ್ವಿ, ನೀನೇ ಬೇಡ ಅಂದೆ ಅಂತಾರೆ. ನನ್ನ ಬಾಗಿಲಾಗೆ ಮಾವಿನೆಲೆ ತೋರಣ ಬಿಟ್ಟು ಏನೂ ಇರಲಿಲ್ಲಕ್ಕ."

ಮಧ್ಯಾಹ್ನ ಊಟಕ್ಕೆ ಬಂದ ಆಂಜಿನಪ್ಪ ನಡುಮನೆಯಲ್ಲಿ ನಾದಿನಿಯನ್ನು ಕಂಡು ನಿಂತುಬಿಟ್ಟ. ಮುತ್ಯಾಲಮ್ಮ ಎದ್ದು ಅವನ ಕಾಲಿಗೆ ಬಿದ್ದಳು. "ಬಾವಾ, ಕೋರ್ಟಾಗೆ ನನಗೆ ಅಂತ ಇರೋದು ನೀವೊಬ್ರೇ."

"ಏಳಮ್ಮ, ಏಳು" ಎಂದ ಅವನು. "ವಕೀಲರನ್ನ ಗೊತ್ತು ಮಾಡ್ತೀನಿ. ಎಲ್ಲಾದ್ಕೂ ಒಂದು ದಾರಿ ಇರ್ತದೆ."

ಮಾವಿನಕಾಯಿ ಹಾಕಿದ ತೊಗರಿಬೇಳೆ ಪಪ್ಪಿನಲ್ಲಿ ಅವನು ಅರ್ಧ ಮುದ್ದೆ ಉಂಡು ಕೈ ತೊಳೆದ. ಅವನಿಗೆ ಆ ಪಪ್ಪೆಂದರೆ ಪ್ರಾಣ, ಬಿಸಿಲಿಗೆ ಊಟ ಸೇರಲಿಲ್ಲವೇನೋ ಎಂದುಕೊಂಡಳು ಅನಸೂಯಮ್ಮ.

ವಕೀಲರು ಸಿಕ್ಕರು. ಎದುರಿನವರು ಬಾರದೆ ಆದ ತೀರ್ಪನ್ನು ರದ್ದು ಮಾಡಿಸಬಹುದು, ಆದರೆ ತಿಳಿದ ದಿನದಿಂದ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು, ಸಮನ್ಸ್ ಮುಟ್ಟಲೇ ಇಲ್ಲ ಎಂದು ತೋರಿಸಬೇಕು ಎಂದರು. ಅರ್ಜಿ ಹಾಕಿ, ಹಳೆಯ ಕಾಗದಗಳ ನಕಲು ಕೇಳಿದರು. ತೋತಾಪುರಿ ಮಾವು ಇನ್ನೂ ಮರದಲ್ಲೇ ಇತ್ತು. ಜುಲೈಗೆ ಕೀಳಬೇಕು. ಕಿತ್ತುಕೊಂಡವನದೇ ತೋಪು ಎಂದು ಊರು ಒಪ್ಪಿಬಿಡುತ್ತದೆ ಎಂಬುದೇ ಮುತ್ಯಾಲಮ್ಮನ ಭಯ. ಅವಳು ಅಕ್ಕನ ಮನೆಯಲ್ಲೇ ಉಳಿದಳು.

ಸುಮ್ಮನೆ ಕೂತು ಉಣ್ಣುವ ಹೆಂಗಸಲ್ಲ ಅವಳು. ಕೋಳಿ ಕೂಗುವ ಹೊತ್ತಿಗೆ ಎದ್ದು ಬೀದಿ ನಲ್ಲಿಯಿಂದ ಹತ್ತು ಬಿಂದಿಗೆ ನೀರು ತರುವಳು. ರಾಗಿ ಕೇರುವಳು. ಅಕ್ಕಯಮ್ಮನ ಕಾಲಿಗೆ ಎಣ್ಣೆ ತಿಕ್ಕುವಳು. ಬಾವನ ಖಾಕಿ ಅಂಗಿಯನ್ನು ಒಗೆದು ಗಂಜಿ ಹಾಕುವಳು. "ಕೋರ್ಟಿಗೆ ಹೋಗೋರು, ಬಟ್ಟೆ ನೆಟ್ಟಗಿರಬೇಕು" ಎನ್ನುವಳು. ಆಂಜಿನಪ್ಪ ಆ ಅಂಗಿ ತೊಟ್ಟು ತಲೆ ತಗ್ಗಿಸಿ ಹೊರಡುವನು.

"ನಿನ್ನ ತಂಗಿ ಬಂದ್ಮೇಲೆ ನಿನ್ನ ಗಂಡನ ಬಾಯೇ ಕಟ್ಟೋಯ್ತು" ಎಂದಳು ಅಕ್ಕಯಮ್ಮ ಒಂದು ದಿನ.

"ಅವಳ ದುಃಖ ನೋಡಿ ಅವರಿಗೂ ಸಂಕಟ ಅತ್ತೆ" ಎಂದಳು ಅನಸೂಯಮ್ಮ. ಪಾಪ, ಹಾಗೆಂದೇ ನಂಬಿದ್ದಳು.

*

ಗಂಗರತ್ನನಿಗೆ ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿ, ಕೋಲಾರದಲ್ಲಿ ಟೈಪಿಂಗ್ ಕಲಿತು ಬಂದಿದ್ದಳು. ಯುಗಾದಿ ಕಳೆದ ಮೇಲೆ ಅದೇ ಕೋರ್ಟಿನ ನಕಲು ವಿಭಾಗದಲ್ಲಿ ಅವಳಿಗೆ ತಾತ್ಕಾಲಿಕ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಶಿರಸ್ತೇದಾರ ವೆಂಕಟರಾಯಪ್ಪನವರೇ ಕರೆದು ಕೊಟ್ಟಿದ್ದರು. ಅವರು ಕೋರ್ಟಿನ ಆಫೀಸಿಗೆಲ್ಲ ಯಜಮಾನರು, ಯಾವ ಫೈಲು ಮೇಲೆ ಯಾವುದು ಕೆಳಗೆ ಎಂದು ನಿರ್ಧರಿಸುವವರು. ಮನೆಯಲ್ಲಿ ಅಂದು ಪಾಯಸ ಮಾಡಿದ್ದರು.

ಮುತ್ಯಾಲಮ್ಮ ಬಂದು ಎರಡು ವಾರವಾಗಿತ್ತು. ಒಂದು ಸಂಜೆ ಗಂಗರತ್ನ ಮನೆಗೆ ಬಂದವಳು ಊಟ ಬೇಡ ಎಂದು ಮಲಗಿದಳು. ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ತಾಯಿಯ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು, "ಎಡಗೈ ಕೊಡಮ್ಮ" ಎಂದಳು. ಬೂದಿ ಮೆತ್ತಿದ ಕೈಯನ್ನು ನೀರಲ್ಲಿ ಅದ್ದಿ, ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಏನೇ ಅದು, ಶಾಸ್ತ್ರ ನೋಡ್ತೀಯಾ?"

"ನಿನ್ನೆ ಚಿಕ್ಕಮ್ಮನ ಕೇಸಿನ ಕಾಗದ ಟೈಪ್ ಮಾಡೋಕೆ ನನಗೇ ಕೊಟ್ರಮ್ಮ. ಬಾಗಿಲಿಗೆ ಸಮನ್ಸ್ ಅಂಟಿಸಿದ್ದಕ್ಕೆ ಇಬ್ಬರು ಸಾಕ್ಷಿ. ಒಬ್ಬ ದೊಡ್ಡವೆಂಕಟಪ್ಪನ ಆಳು. ಇನ್ನೊಂದು ಹೆಬ್ಬೆಟ್ಟು. ಅಡ್ಡಕ್ಕೆ ಗೀಟೈತೆ. ಕೆಳಗಡೆ ಅಪ್ಪನ ಅಕ್ಷರದಾಗೆ ಮುನಿಯಲ್ಲಮ್ಮ ಅಂತ ಬರ್ದೈತೆ."

ಅನಸೂಯಮ್ಮನ ಕೈಯಿಂದ ಚೊಂಬು ಜಾರಿ ಕಲ್ಲಿನ ಮೇಲೆ ಬಿತ್ತು. ನಲ್ಲಿಯಿಂದ ನೀರು ಹೊತ್ತು ಬರುತ್ತಿದ್ದ ಮುತ್ಯಾಲಮ್ಮ, "ಏನಾಯ್ತಕ್ಕ?" ಎಂದಳು.

"ಏನಿಲ್ಲ, ಕೈ ಜಾರ್ತು" ಎಂದಳು ಅನಸೂಯಮ್ಮ. ಮಸಿ ಹತ್ತಿದ ಆ ಬೇಳೆಯೇ ಕಣ್ಣ ಮುಂದೆ ಬಂತು. ತಂಗಿಯ ತೋಪನ್ನು ಬರೆದು ಕೊಟ್ಟ ಬೆರಳಿನಲ್ಲೇ ಅಂದು ಎಲ್ಲರಿಗೂ ಸಾರು ಬಡಿಸಿದ್ದಳು. ಈಗ ಎರಡು ವಾರದಿಂದ ಅದೇ ತಂಗಿಗೂ ಬಡಿಸುತ್ತಿದ್ದಾಳೆ.

ಭಾನುವಾರ ಮುತ್ಯಾಲಮ್ಮ ವಕೀಲರ ಮನೆಗೆ ಹೋದ ಹೊತ್ತು ನೋಡಿ, ಅನಸೂಯಮ್ಮ ಗಂಡನ ತಟ್ಟೆಗೆ ಮುದ್ದೆ ಹಾಕಿ ಎದುರಿಗೆ ಕೂತಳು.

"ಆ ಮುನಿಯಲ್ಲಮ್ಮ ಯಾವೂರೋಳು?"

ಆಂಜಿನಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಗಂಗರತ್ನನ ಕಡೆ ನೋಡಿದ. ಅವಳು ಮುಖ ತಿರುಗಿಸಿದಳು.

"ಶಿರಸ್ತೇದಾರರು ಹೇಳಿದ್ರು" ಎಂದ. "ದೊಡ್ಡವೆಂಕಟಪ್ಪ ಅವರಿಗೆ ಬೀಗ ಕಣೇ. ಅವರ ಮಗಳನ್ನ ಕೊಟ್ಟಿರೋ ಮನೆ."

"ಕಾಗದದಾಗೆ ಮುತ್ಯಾಲು ಹೆಸರು ಇದ್ದಿದ್ದು ನೀವು ನೋಡಿದ್ರಾ?"

"ನೋಡ್ದೆ."

"ನೋಡಿ ನನ್ನ ಹತ್ರ ಒತ್ತಿಸ್ಕೊಂಡ್ರಾ?"

"ನಾನು ಮಾಡ್ದಿದ್ರೆ ಇನ್ನೊಬ್ಬ ಅಮೀನ ಮಾಡ್ತಿದ್ದ. ಆಗಲೂ ತೋಪು ಹೋಗ್ತಿತ್ತು. ಇದರಾಗೆ ಗಂಗರತ್ನಂಗೆ ಕೆಲಸನಾದ್ರೂ ಆಯ್ತು."

ಗಂಗರತ್ನ ಗೋಡೆ ಹಿಡಿದು ನಿಂತಳು. "ನನ್ನ ಕೆಲಸ ಅದಕ್ಕೆ ಕೊಟ್ಟಿದ್ದಾ? ನಾನು ಟೈಪಿಂಗಾಗೆ ಫಸ್ಟ್ ಬಂದೆ ಅಂತಲ್ವಾ?"

"ಫಸ್ಟ್ ಬಂದೋರು ಕೋಲಾರದಾಗೆ ನೂರು ಜನ ಅವ್ರೆ" ಎಂದ ಆಂಜಿನಪ್ಪ. ಗದರಿಸಲು ಹೊರಟಿದ್ದ, ದನಿ ಏಳಲಿಲ್ಲ.

ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಕ್ಕಯಮ್ಮ ಕುಟ್ಟಾಣಿ ನಿಲ್ಲಿಸಿದಳು. "ಊರುಕೋವೇ" ಎಂದು ತೆಲುಗಿನಲ್ಲೇ ಸೊಸೆಯ ಬಾಯಿ ಮುಚ್ಚಿಸಿದಳು. "ಆಗಿದ್ದು ಆಯ್ತು. ಅವಳಿಗೆ ಮಕ್ಕಳಾ, ಮರಿಯಾ? ಇಲ್ಲೇ ಇರ್ತಾಳೆ, ಒಂದು ಮುದ್ದೆ ಹೆಚ್ಚಿಗೆ ತೊಳಸು. ನನ್ನ ಮಗನ್ನ ಜೈಲಿಗೆ ಕಳಿಸ್ಬೇಡ."

"ಒಂದು ಮುದ್ದೆಗೆ ನಲವತ್ತು ಮರಾನಾ ಅತ್ತೆ?"

"ಬಾಯಿ ಬಿಟ್ರೆ ನಿನ್ನನ್ನೂ ಒಳಗೆ ಹಾಕ್ತಾರೆ" ಎಂದ ಆಂಜಿನಪ್ಪ. "ಒತ್ತಿದ್ದು ನಿನ್ನ ಬೆರಳು."

ಅಂದು ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಸಂಜೆ ಬಂದ ಮುತ್ಯಾಲಮ್ಮ ಪಾತ್ರೆ ತುಂಬ ಮುದ್ದೆ ಹಾಗೇ ಇರುವುದನ್ನು ಕಂಡು, "ನನ್ನ ದೆಸೆಯಿಂದ ಎಲ್ಲರಿಗೂ ಅನ್ನ ಸೇರದಂಗಾಯ್ತು" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆಗಲೇ ಹೇಳಿಬಿಡಬೇಕೆಂದು ಅನಸೂಯಮ್ಮ ಬಾಯಿ ತೆರೆದಳು. ಬಾಯಿಂದ, "ಬಿಸಿ ಮಾಡ್ತೀನಿ, ಉಣ್ಣು" ಎಂಬ ಮಾತು ಬಂತು.

*

ಮುಂದಿನ ದಿನಗಳಲ್ಲಿ ಮನೆ ಎರಡು ಪಾಲಾಯಿತು. ಗಂಗರತ್ನ ಅಪ್ಪನ ಜೊತೆ ಮಾತು ಬಿಟ್ಟಳು. ಆದರೆ ಅವನಿಗೆ ಏನಾದರೂ ಆದೀತೆಂಬ ಹೆದರಿಕೆ ಅವಳಿಗೇ ಹೆಚ್ಚಾಗಿತ್ತು. "ನಿನಗೆ ಹೇಳಿ ತಪ್ಪು ಮಾಡ್ದೆ. ಮರ್ತ್‌ಬಿಡಮ್ಮ" ಎಂದು ನೀರೊಲೆ ಮುಂದೆ ಅತ್ತಳು. ಅಕ್ಕಯಮ್ಮ ಸೊಸೆಯನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡಳು. ಅಕ್ಕತಂಗಿಯರಿಬ್ಬರೇ ಕೂತರೆ ಸಾಕು, "ನನ್ನ ಕಾಲು ಹಿಡಿಯೇ" ಎಂದು ಒಬ್ಬಳನ್ನು ಕರೆಯುವಳು.

ಏನೂ ತಿಳಿಯದ ಮುತ್ಯಾಲಮ್ಮ ಒಂದು ಬೆಳಿಗ್ಗೆ ಇಡೀ ಮನೆಯ ಎದುರಿಗೇ ಕೇಳಿದಳು. "ಬಾವಾ, ನಕಲಿನಾಗೆ ಮುನಿಯಲ್ಲಮ್ಮ ಅಂತ ಸಾಕ್ಷಿ ಐತಂತೆ. ನಮ್ಮೂರಾಗೆ ಆ ಹೆಸರಿನೋಳು ಇದ್ದಿದ್ದು ಒಬ್ಬಳೇ. ಅವಳು ಸತ್ತು ಮೂರು ವರ್ಷ. ಬಂದಿದ್ದ ಅಮೀನ ಯಾರು ಅಂತ ನೀವೇ ವಿಚಾರಿಸ್ಬೇಕು."

ನಕಲಿನಲ್ಲಿ ಅಮೀನನ ಹೆಸರಿರಲಿಲ್ಲ. ಸಹಿ ಇದೆ ಎಂದಷ್ಟೇ ಟೈಪಾಗಿತ್ತು.

"ವಿಚಾರಿಸ್ತೀನಮ್ಮ" ಎಂದ ಆಂಜಿನಪ್ಪ. ಅವಳು ಕೊಟ್ಟ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಅನಸೂಯಮ್ಮ ಗಂಡನ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಬಾಳಿದ ಗಂಡಸು ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ತಾನೂ ಬಾಯಿ ಮುಚ್ಚಿ ನಿಂತಿರುವುದನ್ನು ನೆನೆದಾಗ ಅವಳಿಗೆ ಇನ್ನೂ ದಿಗಿಲಾಯಿತು.

ಜೂನ್ ಕೊನೆಯ ವಾರ ವಿಚಾರಣೆ. ವಕೀಲರು ಮುನಿಯಲ್ಲಮ್ಮನಿಗೂ ಸಾಕ್ಷಿ ಸಮನ್ಸ್ ಹಾಕಿಸಿದ್ದರು. ಅಂಥವಳು ಇಲ್ಲವೇ ಇಲ್ಲ ಎಂದು ತೋರಿಸುವುದು ಅವರ ಲೆಕ್ಕ. ಆದರೆ ಆ ಸಮನ್ಸು, "ಸದರಿಯವಳು ಪರಸ್ಥಳಕ್ಕೆ ಹೋಗಿದ್ದಾಳೆ" ಎಂಬ ಷರಾದೊಂದಿಗೆ ವಾಪಸಾಗಿತ್ತು. ಸತ್ತವಳು ಎಷ್ಟು ದೂರದ ಪರಸ್ಥಳಕ್ಕೆ ಹೋಗಿದ್ದಾಳೆಂದು ಕೇಳುವವರು ಯಾರು? ಸಾಕ್ಷಿ ಬಂದಿಲ್ಲ, ಅಮೀನನ ಮಾತೇ ಖಾಯಂ, ಅರ್ಜಿ ವಜಾ. ಶಿರಸ್ತೇದಾರರ ಮೇಜಿನ ಮೇಲೆ ಎಲ್ಲವೂ ಆಗಲೇ ತೀರ್ಮಾನವಾಗಿತ್ತು.

ಆ ಬೆಳಿಗ್ಗೆ ಮುತ್ಯಾಲಮ್ಮ ಬಾವನ ಅಂಗಿಯನ್ನು ಗಂಜಿ ಹಾಕಿ ಇಟ್ಟು, "ನೀವಿದ್ದೀರಿ ಅನ್ನೋ ಧೈರ್ಯ ಬಾವ" ಎಂದು ವಕೀಲರ ಜೊತೆ ಹೋದಳು. ಆಂಜಿನಪ್ಪ ಹೋದ. ಗಂಗರತ್ನ ಹೋದಳು. ಅನಸೂಯಮ್ಮ ರಾಗಿ ಹಿಟ್ಟಿಗೆ ಎಸರಿಟ್ಟವಳು ಉರಿಯುವ ಕೊಳ್ಳಿಗಳನ್ನು ಹೊರಗೆಳೆದು ನೀರು ಹಾಕಿ ಆರಿಸಿದಳು. ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟಳು.

"ಎಲ್ಲಿಗೇ?" ಎಂದಳು ಅಕ್ಕಯಮ್ಮ.

"ಕೋರ್ಟಿಗೆ ಅತ್ತೆ."

"ನೀನು ಈ ಹೊಸಿಲು ದಾಟಿದ್ರೆ ವಾಪಸ್ ಬರ್ಬೇಡ."

"ಸರಿ ಅತ್ತೆ. ಎಸರು ಕುದ್ದೈತೆ, ಹಿಟ್ಟು ಹಾಕಿಲ್ಲ" ಎಂದು ಹೇಳಿ ಅವಳು ಹೊಸಿಲು ದಾಟಿದಳು.

*

ಕೋರ್ಟಿನ ಜಗುಲಿಯಲ್ಲಿ ಜನರ ನಡುವೆ ಕಂಬಕ್ಕೊರಗಿ ಕೂತಿದ್ದವಳನ್ನು ಯಾರೂ ಗಮನಿಸಲಿಲ್ಲ. ಒಳಗೆ ಮುತ್ಯಾಲಮ್ಮ ನಿಂತು ಹೇಳುವುದು ಹೇಳಿ ಮುಗಿಸಿದಳು. ಸಮನ್ಸ್ ಅಂಟಿಸಿದ ಅಮೀನ ಎಂದು ಎದುರು ಪಕ್ಷದ ವಕೀಲ ಕರೆಸಿದಾಗ ಮುಂದೆ ಬಂದವನು ಆಂಜಿನಪ್ಪ. ಮುತ್ಯಾಲಮ್ಮ ಬಾವನನ್ನು ನೋಡಿ ಮೊದಲು ಮುಗುಳ್ನಕ್ಕಳು, ತನ್ನ ಪರವಾಗಿ ಬಂದನೆಂದು. "ನಾನೇ ಹೋಗಿ ಅಂಟಿಸಿದೆ. ಆಕೆ ತಗೊಳ್ಳಲ್ಲ ಅಂದ್ರು" ಎಂದು ಅವನು ನೆಲ ನೋಡಿಕೊಂಡು ಹೇಳಿದಾಗ ಆ ನಗೆ ಮುಖದ ಮೇಲೆ ಹಾಗೇ ಒಣಗಿತು.

ಕ್ರಮದ ಪ್ರಕಾರ ಜವಾನ ಬಾಗಿಲಿಗೆ ಬಂದು ಸಾಕ್ಷಿಯನ್ನು ಕೂಗಿದ. "ಮುನಿಯಲ್ಲಮ್ಮಾ… ಮುನಿಯಲ್ಲಮ್ಮಾ… ಮುನಿಯಲ್ಲಮ್ಮಾ…"

ಮೂರನೆಯ ಕೂಗು ಮುಗಿಯುವ ಮೊದಲೇ, "ಬಂದೆ" ಎಂದಳು ಅನಸೂಯಮ್ಮ.

ಒಳಗೆ ಶಿರಸ್ತೇದಾರ ವೆಂಕಟರಾಯಪ್ಪ ಬರೆಯುತ್ತಿದ್ದ ಕೈ ನಿಂತಿತು. ಸಾಕ್ಷಿ ಹೇಳಿ ಬಾಗಿಲಿಗೆ ಬಂದಿದ್ದ ಆಂಜಿನಪ್ಪ ಚೌಕಟ್ಟು ಹಿಡಿದುಕೊಂಡ. ನ್ಯಾಯಪೀಠದಲ್ಲಿದ್ದ ಮುನ್ಸೀಫರು ಹೊಸಬರು, ಚಿಕ್ಕ ವಯಸ್ಸಿನವರು. ಕನ್ನಡಕ ಸರಿಮಾಡಿಕೊಂಡು, "ಹೆಸರೇನಮ್ಮ?" ಎಂದರು.

"ಯಾವ ಹೆಸರು ಹೇಳ್ಲಿ ಸ್ವಾಮಿ? ನಿಮ್ಮ ಕಾಗದಗಳಾಗೆ ನನಗೆ ಬಹಳ ಹೆಸರವೆ."

"ಹಾಗಂದ್ರೆ?"

"ಅಪ್ಪಅಮ್ಮ ಇಟ್ಟಿದ್ದು ಅನಸೂಯಮ್ಮ ಅಂತ. ಆ ಅಮೀನರ ಹೆಂಡತಿ. ತೋಪು ಕಳ್ಕೊಂಡೋಳ ಅಕ್ಕ. ಅವರೆಕಾಯಿ ಕಾಲದಾಗೆ ನಮ್ಮನೆ ಹೊಸಿಲ ಹತ್ರ ಮುನಿಯಲ್ಲಮ್ಮ ಆಗಿದ್ದೆ. ತಂಗಿ ಊರಿಗೆ ನಾನು ಹೋಗಿರಲಿಲ್ಲ, ಅವರೂ ಹೋಗಿರಲಿಲ್ಲ. ಅದಕ್ಕೆ ಮುಂಚೆ ಬೈರಕೂರ ಕಡೆ ಚಿಕ್ಕಗಂಗಮ್ಮ. ವೇಮಗಲ್ ಕಡೆ ಪಿಳ್ಳಮ್ಮ. ಆದಿಲಕ್ಷ್ಮಮ್ಮ ಒಂದ್ಸಲ, ಶ್ಯಾಮಲಮ್ಮ ಎರಡ್ಸಲ. ನಾಲ್ಕು ವರ್ಷದಾಗೆ ಹನ್ನೊಂದು ಸಲ ಒತ್ತಿದ್ದೀನಿ. ಆ ಕೇಸುಗಳಾಗೆ ಯಾರ್ಯಾರದು ಏನೇನು ಹೋಯ್ತೋ ನನಗೆ ಗೊತ್ತಿಲ್ಲ ಸ್ವಾಮಿ."

ಎದುರು ಪಕ್ಷದ ವಕೀಲ ಎದ್ದು ಏನೋ ಹೇಳಹೋದ. ಮುನ್ಸೀಫರು ಕೈಯೆತ್ತಿ ಕೂರಿಸಿದರು. ಫೈಲು ತರಿಸಿ ಹಳೆಯ ಹೆಬ್ಬೆಟ್ಟನ್ನು ನೋಡಿದರು, ಅವಳ ಬೆರಳನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಮುಂದಿನ ಆದೇಶದವರೆಗೆ ಆ ತೋಪಿನ ಒಂದು ಕಾಯನ್ನೂ ಯಾರೂ ಕೀಳಕೂಡದು ಎಂದು ಬರೆಸಿದರು.

ಅವಳ ಹೇಳಿಕೆ ಬರೆದುಕೊಂಡ ಗುಮಾಸ್ತ ಕಾಗದವನ್ನೂ ಮಸಿಯ ಪ್ಯಾಡನ್ನೂ ಮುಂದೆ ತಳ್ಳಿ, "ಒತ್ತಮ್ಮ" ಎಂದ.

ಅನಸೂಯಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಮೊದಲು ಏನು ಬರ್ದಿದ್ದೀಯ ಓದಪ್ಪ. ಆಮೇಲೆ ಒತ್ತುತೀನಿ."

ಗುಮಾಸ್ತ ಮುನ್ಸೀಫರ ಕಡೆ ನೋಡಿದ. ಅವರು ತಲೆಯಾಡಿಸಿದರು. ಅವನು ಮೊದಲ ಸಾಲಿನಿಂದ ಕೊನೆಯ ಹೆಸರಿನವರೆಗೂ ಓದಿದ. ಅವಳು ಒಂದೊಂದು ಮಾತಿಗೂ ಹೂಂಗುಟ್ಟಿ, ಕೊನೆಗೆ ಒತ್ತಿದಳು. ಸ್ವಂತ ಹೆಸರಿನ ಕೆಳಗೆ ಅವಳು ಹೆಬ್ಬೆಟ್ಟು ಹಾಕಿದ್ದು ಅದೇ ಮೊದಲು. ಹೊರಗೆ ಬರುವಾಗ ಬಾಗಿಲಲ್ಲಿದ್ದ ಆಂಜಿನಪ್ಪ ದಾರಿ ಬಿಟ್ಟು ಸರಿದ. ನಕಲು ವಿಭಾಗದ ಕಿಟಕಿಯಲ್ಲಿ ಗಂಗರತ್ನ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಮುತ್ಯಾಲಮ್ಮ ಹೊಂಗೆ ಮರದ ಕೆಳಗಿನ ಚಪ್ಪಡಿಯ ಮೇಲೆ ಕೂತಿದ್ದಳು. ಅಕ್ಕ ಹತ್ತಿರ ಬಂದರೂ ಮುಖವೆತ್ತಲಿಲ್ಲ. ಅವಳ ಮಸಿ ಹತ್ತಿದ ಬೆರಳನ್ನೇ ನೋಡುತ್ತಾ ಕೇಳಿದಳು.

"ಅವತ್ತು ಅದರಾಗೆ ಏನು ಬರ್ದೈತೆ ಅಂತ ಕೇಳಿದ್ಯಾ ಅಕ್ಕ?"

"ಇಲ್ಲ ಕಣೇ."

"ಹನ್ನೊಂದು ಸಲದಾಗೆ ಒಂದ್ಸಲಾನೂ ಕೇಳಲಿಲ್ವಾ?"

"ನಾನ್ಯಾರು ಅಂತ ಕೇಳ್ತಿದ್ದೆ. ಕಾಗದ ಯಾರ ಮನೇದು ಅಂತ ಯಾವತ್ತೂ ಕೇಳಲಿಲ್ಲ."

ಅಷ್ಟರಲ್ಲಿ ಜವಾನ ಜಗುಲಿಯಿಂದಿಳಿದು ಬಂದ. ಶಿರಸ್ತೇದಾರರ ಕೋಣೆಯಿಂದ ಹಳೆಯ ಫೈಲುಗಳನ್ನು ಹೊತ್ತು ತರುತ್ತಿದ್ದರು. ಧೂಳು ಅವನ ರುಮಾಲಿನ ಮೇಲೂ ಬಿದ್ದಿತ್ತು.

"ಅಮ್ಮಾ, ಸಾಹೇಬ್ರು ವಾಪಸ್ ಕರೀತಾವ್ರೆ. ಇನ್ನೂ ಹತ್ತು ಫೈಲಾಗೆ ನಿಮ್ಮ ಬೆರಳು ನೋಡ್ಬೇಕಂತೆ." ಅವನು ತಲೆ ಕೆರೆದುಕೊಂಡ. "ಯಾವ ಹೆಸರು ಕೂಗ್ಲಿ?"

"ಅನಸೂಯಮ್ಮ ಅಂತ ಕೂಗಪ್ಪ" ಎಂದಳು ಅವಳು.

ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ತಂಗಿಯ ದನಿ ಕೇಳಿಸಿತು. "ಹೋಗು. ಎಲ್ಲಾನೂ ಹೇಳಿ ಬಾ. ನಾನಿಲ್ಲೇ ಕೂತಿರ್ತೀನಿ."